ಮನೆವಾರ್ತೆ: ಒಂದು ಮನೆ, ಎರಡು ಒಲೆ

ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಸಿರ್ಸಿಯ ಕಡೆಯ ಸೋದರಿಯೊಬ್ಬರ ಪತ್ರವು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಈಡುಮಾಡಿತು. ಅದರ ತಾತ್ಪರ್ಯವಿಷ್ಟು. ಅವರ ಮನೆಯಲ್ಲಿ ಹತ್ತು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರೊಂದಿದೆ. ಯಂತ್ರವು ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ಅದರೊಳಗಿನ ವಿಂಡೋಸಿಗೆ ಇನ್ನು ಆಸರೆಯಿಲ್ಲವೆಂಬ ಎಚ್ಚರಿಕೆಯು ಪರದೆಯ ಮೇಲೆ ಮತ್ತೆ ಮತ್ತೆ ಮೂಡುತ್ತದೆ. ಹೊಸ ವಿಂಡೋಸನ್ನು ಹಾಕಹೋದರೆ ಈ ಯಂತ್ರವು ಅದಕ್ಕೆ ಅರ್ಹವಲ್ಲವೆಂದು ಅದೇ ಪರದೆಯು ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗನು ರಜೆಗೆ ಬಂದವನು, ‘ವಿಂಡೋಸನ್ನು ಅಳಿಸಿ ಲಿನಕ್ಸನ್ನು ಹಾಕಿಬಿಡುತ್ತೇನೆ’ ಎನ್ನುತ್ತಾನೆ. ಯಜಮಾನರು, ‘ನನ್ನ ಅಡಿಕೆಯ ಲೆಕ್ಕವೂ ಇಷ್ಟು ವರ್ಷಗಳ ಬರವಣಿಗೆಯೂ ಅದರಲ್ಲಿವೆ, ಯಾರೂ ಮುಟ್ಟಕೂಡದು’ ಎನ್ನುತ್ತಾರೆ. ತಂದೆಮಕ್ಕಳ ನಡುವೆ ಮಾತು ನಿಂತು ನಾಲ್ಕು ದಿನಗಳಾದುವು. ‘ಇಬ್ಬರಿಗೂ ಒಪ್ಪುವ ದಾರಿ ಯಾವುದಾದರೂ ಉಂಟೆ?’ ಎಂದು ಆ ಸೋದರಿಯವರು ಕೇಳಿದ್ದಾರೆ.

ಉಂಟು. ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗೆ ಬೇರೆ ಬೇರೆ ಒಲೆಗಳನ್ನು ಹೂಡಿಕೊಂಡು ಅನ್ಯೋನ್ಯವಾಗಿ ಬಾಳುವ ಮನೆಗಳನ್ನು ವಾಚಕರು ಕಂಡೇ ಇರುವರು. ಕಂಪ್ಯೂಟರಿನೊಳಗೂ ಹಾಗೆ ಮಾಡಲು ಬರುತ್ತದೆ. ವಿಂಡೋಸು ಇರುವ ಡ್ರೈವನ್ನು ಇದ್ದಂತೆಯೇ ಬಿಟ್ಟು, ಹೊಸದಾಗಿ ಎರಡನೆಯ ಡ್ರೈವೊಂದನ್ನು ತಂದು ಲಿನಕ್ಸನ್ನು ಅದರಲ್ಲಿ ಹೂಡುವುದೇ ಆ ದಾರಿ. ಆದರೆ ಎರಡನೆಯ ಒಲೆಯನ್ನು ಹೂಡುವಾಗ ಮೊದಲನೆಯ ಒಲೆಯ ಬೂದಿಯನ್ನು ಕೆದಕದಂತೆ ನೋಡಿಕೊಳ್ಳಬೇಕು. ಈ ಸಂಚಿಕೆಯಲ್ಲಿ ನಾವು ಹೇಳಬೇಕಾದದ್ದು ಮುಖ್ಯವಾಗಿ ಅದೊಂದೇ.

ಮೊದಲು ಈ ಇಕ್ಕಟ್ಟು ಹೇಗೆ ಬಂದಿತೆಂಬುದನ್ನು ಹೇಳಿಬಿಡುವೆವು. ವಿಂಡೋಸ್ 10 ಎಂಬುದು 2015ನೆಯ ಇಸವಿಯ ಜುಲೈ ತಿಂಗಳಲ್ಲಿ ಹೊರಬಂದಿತು. ಅದರ ಒಡೆಯರಾದ ಮೈಕ್ರೋಸಾಫ್ಟ್ ಸಂಸ್ಥೆಯವರು 2025ನೆಯ ಅಕ್ಟೋಬರ್ 14ರಂದು ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಆಸರೆಯನ್ನು ನಿಲ್ಲಿಸಿದರು. ಆಸರೆಯೆಂದರೆ, ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳನ್ನು ತಿಂಗಳು ತಿಂಗಳೂ ಮುಚ್ಚಿಕೊಡುವ ಕೆಲಸ. ಹೆಸರು ನೋಂದಾಯಿಸಿಕೊಂಡ ಗೃಹಸ್ಥರಿಗೆ ಮತ್ತೊಂದು ವರ್ಷದ ವಾಯಿದೆಯನ್ನು, ಎಂದರೆ 2026ನೆಯ ಅಕ್ಟೋಬರ್ 13ರವರೆಗೆ ಎಂದು, ಕೊಟ್ಟರು. ವಾಯಿದೆ ಮುಗಿದ ಯಂತ್ರವು ಕೆಲಸವನ್ನೇನೋ ಮಾಡುತ್ತಲೇ ಇರುತ್ತದೆ. ಆದರೆ ಚಿಲಕ ಸಡಿಲವಾದ ಬಾಗಿಲಿನ ಮನೆಯಲ್ಲಿ ಮಲಗಿದಂತೆ. ಇನ್ನು 2021ರಲ್ಲಿ ಬಂದ ವಿಂಡೋಸ್ 11 ಆದರೋ, ಟಿ.ಪಿ.ಎಂ. 2.0 ಎಂಬ ಭದ್ರತೆಯ ಅಂಗವನ್ನೂ, ಇಂಟೆಲ್ ಯಂತ್ರಗಳಲ್ಲಿ ಸುಮಾರಾಗಿ ಎಂಟನೆಯ ಪೀಳಿಗೆಯ ಅಥವಾ ಅದರಿಂದ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ಹತ್ತು ವರ್ಷದ ಹಿಂದಿನ ಯಂತ್ರದಲ್ಲಿ ಇದು ಎಲ್ಲಿಂದ ಬರಬೇಕು?

ಲಿನಕ್ಸಿನ ವಿಷಯವನ್ನು ಬಲ್ಲವರು ಮುಂದಿನ ಕೆಲವು ಸಾಲುಗಳನ್ನು ದಾಟಿ ಹೋಗಬಹುದು. 1991ನೆಯ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲೀನಸ್ ಟೊರ್ವಾಲ್ಡ್ಸ್ ಎಂಬಾತನು ತಾನು ಕೇವಲ ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ತನ್ನಂಥ ಆಸಕ್ತರಿಗೆ ತಿಳಿಸಿದನು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿಯೇ ಗ್ನೂ ಎಂಬ ಹೆಸರಿನಿಂದ ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳ ಕೆಲಸವನ್ನು ಆರಂಭಿಸಿದ್ದರು. ಇವೆರಡೂ ಕೂಡಿದುವು. ಹಲವು ಗುಂಪುಗಳವರು ಇವುಗಳಿಗೆ ಬೇಕಾದ ಮೇಲೋಗರಗಳನ್ನು ಸೇರಿಸಿ ಊಟದ ಎಲೆಯಂತೆ ಸಿದ್ಧಪಡಿಸಿ ಕೊಡುತ್ತಾರೆ. ಡೆಬಿಯನ್, ಉಬುಂಟು, ಫೆಡೋರ, ಮಿಂಟ್ ಎಂಬುವೆಲ್ಲ ಅಂಥ ಎಲೆಗಳು. ವಿಂಡೋಸಿಗೆ ಪಳಗಿದ ಮನೆಯವರಿಗೆ ಮಿಂಟ್ ಒಗ್ಗುತ್ತದೆಂಬುದು ನಮ್ಮ ಅನುಭವ. ಕೆಳಗೆ ಎಡಮೂಲೆಯಲ್ಲಿ ಪಟ್ಟಿ, ಬಲಮೂಲೆಯಲ್ಲಿ ಗಡಿಯಾರ, ಎಲ್ಲವೂ ಕಂಡ ಜಾಗದಲ್ಲಿಯೇ ಇರುತ್ತವೆ. ಅದಕ್ಕೆ ಕನಿಷ್ಠ 2 ಜಿ.ಬಿ. ಸ್ಮರಣೆಯೂ 20 ಜಿ.ಬಿ. ಸ್ಥಳವೂ ಬೇಕು, 4 ಜಿ.ಬಿ., 100 ಜಿ.ಬಿ. ಇದ್ದರೆ ಸುಖ. ದುಡ್ಡು ಕೊಡಬೇಕಾದದ್ದಿಲ್ಲ.

ಹಾಗಾದರೆ ವಿಂಡೋಸನ್ನು ಕಿತ್ತೊಗೆದರೇನು ಎಂದು ಮಗನು ಕೇಳುವುದರಲ್ಲಿ ಹುರುಳಿಲ್ಲದಿಲ್ಲ. ಆದರೆ ತಂದೆಯ ಮಾತಿನಲ್ಲಿ ಅದಕ್ಕಿಂತ ಹೆಚ್ಚಿನ ಹುರುಳಿದೆ. ಕನ್ನಡದ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ನಮ್ಮ ಮನೆಗಳಿಗೆ ಬಂದುದು ಬಹಳ ತಡವಾಗಿ. ಅದಕ್ಕೆ ಮುಂಚೆ ನಾವೆಲ್ಲರೂ ಬರಹ, ನುಡಿ ಎಂಬ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದೆವು. ಆ ಕಾಲದ ಕಡತಗಳಲ್ಲಿ ನಿಜವಾಗಿ ಕೂಡಿಟ್ಟಿರುವುದು ರೋಮನ್ ಅಕ್ಷರಗಳ ಸಂಖ್ಯೆಗಳು; ಅವುಗಳ ಮೇಲೆ ಕನ್ನಡದ ಆಕಾರವನ್ನು ತೊಡಿಸುವುದು ಆಯಾ ಫಾಂಟು ಮಾತ್ರ. ಫಾಂಟಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಗುರುತು ಸಿಗದ ಚಿಹ್ನೆಗಳ ರಾಶಿಯೊಂದು ಕಾಣುವುದು. ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ನಿಜ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮೂಲದೊಡನೆ ಹೋಲಿಸಿ ನೋಡಲೇಬೇಕು. ಆ ಕೆಲಸ ಮುಗಿಯುವವರೆಗೂ ಹಳೆಯ ತಂತ್ರಾಂಶವು ಹಳೆಯ ವಿಂಡೋಸಿನ ಮೇಲೆ ಜೀವಂತವಾಗಿರತಕ್ಕದ್ದು. ಅಡಿಕೆಯ ಲೆಕ್ಕದ ತಂತ್ರಾಂಶವೂ ವಿಂಡೋಸಿಗಾಗಿಯೇ ಬರೆದುದಾಗಿದ್ದರೆ ಮತ್ತೆ ಹೇಳಬೇಕಾದುದೇ ಇಲ್ಲ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಹೇಳಿಕೊಳ್ಳಲು ನಾಚಿಕೆಯಾಗುವ ಸಂಗತಿಯೇ ಸರಿ. ಈಗ್ಗೆ ಹನ್ನೆರಡು ವರ್ಷಗಳ ಹಿಂದೆ ನಮ್ಮ ತೀರ್ಥರೂಪರು ನಮ್ಮ ಮನೆತನದ ವಂಶಾವಳಿಯನ್ನು ಬರೆಯುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಊರೂರು ತಿರುಗಿ, ಮುದುಕರನ್ನೂ ಮುದುಕಿಯರನ್ನೂ ಕೂರಿಸಿಕೊಂಡು ಕೇಳಿ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿತ್ತು, ಯಾವ ಬರಗಾಲದಲ್ಲಿ ಯಾವ ಕವಲು ಊರು ಬಿಟ್ಟಿತು ಎಂಬುದನ್ನೆಲ್ಲ ಎರಡು ವರ್ಷ ಕಾಲ ನುಡಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ನಮಗೆ ಆಗ ಲಿನಕ್ಸಿನ ಹುಚ್ಚು. ಮನೆಯಲ್ಲಿದ್ದ ಒಂದೇ ಡ್ರೈವನ್ನು ಎರಡು ಪಾಲು ಮಾಡಿ ಒಂದರಲ್ಲಿ ಅದನ್ನು ಇಡುವೆವೆಂದು ಕುಳಿತೆವು. ಸ್ಥಾಪನೆಯ ನಡುವೆ ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಆಯ್ಕೆಯು ಬಂದಿತು. ಬರಿದು ಮಾಡಿಟ್ಟ ಪಾಲನ್ನೇ ಅದು ಹೇಳುತ್ತಿದೆಯೆಂದು ಭಾವಿಸಿ ಒತ್ತಿಬಿಟ್ಟೆವು. ಅದು ಹೇಳಿದ್ದು ಇಡೀ ಡಿಸ್ಕಿನ ಮಾತು. ಪ್ರತಿ ತೆಗೆದಿಟ್ಟಿರಲಿಲ್ಲ. ಯಂತ್ರದ ತಪ್ಪಲ್ಲ, ಲಿನಕ್ಸಿನ ತಪ್ಪೂ ಅಲ್ಲ, ಸಂಪೂರ್ಣವಾಗಿ ನಮ್ಮದು.

ತೀರ್ಥರೂಪರು ನಮ್ಮನ್ನು ಬಯ್ಯಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ, ‘ಒಂದು ನೋಟುಪುಸ್ತಕ ತಂದುಕೊಡು’ ಎಂದರು. ಮತ್ತೆ ಮೊದಲಿನಿಂದ ಆರಂಭಿಸಿದರು. ಆದರೆ ಮೊದಲನೆಯ ಸಲ ಹೇಳಿದವರಲ್ಲಿ ಮೂವರು ಆ ಹೊತ್ತಿಗೆ ತೀರಿಕೊಂಡಿದ್ದರು. ನೋಟುಪುಸ್ತಕದಿಂದ ಮತ್ತೆ ನುಡಿಗೆ ಇಳಿಸುತ್ತ ಬಂದು, ಐದು ತಲೆಮಾರುಗಳಲ್ಲಿ ಮೂರನ್ನು ಮುಗಿಸುವಷ್ಟರಲ್ಲಿ ಅವರೂ ಹೋದರು. ಆ ಮೂರು ತಲೆಮಾರುಗಳ ಕಡತವು ಈಗ ನಮ್ಮ ಮನೆಯ ಕಂಪ್ಯೂಟರಿನ ವಿಂಡೋಸ್ ಡ್ರೈವಿನಲ್ಲಿದೆ. ಆ ಯಂತ್ರಕ್ಕೂ ಸಿರ್ಸಿಯ ಯಂತ್ರದ ಗತಿಯೇ ಬಂದುದರಿಂದ, ಪತ್ರಕ್ಕೆ ಉತ್ತರ ಬರೆಯುವ ಮುನ್ನ ನಮ್ಮ ಮನೆಯಲ್ಲಿಯೇ ಈ ಕೆಲಸವನ್ನು ಮಾಡಿ ನೋಡೋಣವೆಂದು ಹೊರಟೆವು. ಮುಂದೆ ಬರೆಯುವುದೆಲ್ಲ ಹಾಗೆ ಮಾಡಿ ಕಂಡದ್ದು.

ಎರಡನೆಯ ಡ್ರೈವನ್ನು ಕೊಳ್ಳುವುದು ಕಠಿನವಲ್ಲ. ಮೇಜಿನ ಮೇಲಿನ ಕಂಪ್ಯೂಟರಾದರೆ ಎರಡೂವರೆ ಅಂಗುಲದ ಸಾಟಾ ಎಸ್.ಎಸ್.ಡಿ. ಸಾಕು, ಜೊತೆಗೆ ಒಂದು ಸಾಟಾ ಕೇಬಲ್ಲನ್ನು ಕೇಳಿ ತರಬೇಕು, ಏಕೆಂದರೆ ಅನೇಕ ವೇಳೆ ಅದನ್ನು ಡ್ರೈವಿನೊಡನೆ ಕೊಡುವುದಿಲ್ಲ. ವಿದ್ಯುತ್ತಿನ ತಂತಿಯು ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಒಂದಾದರೂ ಬಿಡುವಾಗಿರುತ್ತದೆ. ಲ್ಯಾಪ್‌ಟಾಪಾದರೆ ಒಳಗೆ ಎರಡನೆಯ ಎಂ.2 ಸ್ಥಾನವಿದೆಯೇ ಎಂದು ನೋಡಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಡಿ.ವಿ.ಡಿ.ಯ ತಟ್ಟೆಯನ್ನು ತೆಗೆದು, ಆ ಜಾಗಕ್ಕೆ ಕ್ಯಾಡಿಯೆಂಬ ಚೌಕಟ್ಟಿನಲ್ಲಿ ಡ್ರೈವನ್ನು ಕೂರಿಸುವುದುಂಟು. ಕ್ಯಾಡಿಯಲ್ಲಿ 9.5 ಮಿಲಿಮೀಟರ್, 12.7 ಮಿಲಿಮೀಟರ್ ಎಂದು ಎರಡು ದಪ್ಪಗಳಿರುವುದರಿಂದ ಅಳತೆ ಮಾಡದೆ ಅಂಗಡಿಗೆ ಹೋಗಕೂಡದು. ಮತ್ತೊಂದು ಮಾತು: ಹಳೆಯ ಡ್ರೈವಿನ ಗಾತ್ರದ್ದನ್ನೇ ಕೊಳ್ಳಬೇಡಿರಿ. ಹಳೆಯದು 500 ಜಿ.ಬಿ. ಆಗಿದ್ದರೆ ಹೊಸದು 240 ಇರಲಿ. ಪರದೆಯ ಮೇಲೆ ಎರಡೂ ಅಕ್ಕಪಕ್ಕ ಬಂದಾಗ, ಹೆಸರನ್ನು ಓದಲು ಬಾರದವರಿಗೂ ಗಾತ್ರವೇ ಗುರುತನ್ನು ಹೇಳುವುದು. ಅವಳಿಮಕ್ಕಳನ್ನು ಕತ್ತಲೆಯಲ್ಲಿ ಗುರುತಿಸುವ ಪಾಡು ಏತಕ್ಕೆ?

ಇನ್ನು ಕೈ ಹಚ್ಚುವ ಮುನ್ನ ವಿಂಡೋಸಿನೊಳಗೆ ಮಾಡಿಕೊಳ್ಳಬೇಕಾದ ಕೆಲಸಗಳು. ಎಲ್ಲಕ್ಕೂ ಮೊದಲು, ಅಳಿದರೆ ಅಳು ಬರುವಂಥ ಕಡತಗಳನ್ನೆಲ್ಲ ಬೇರೆಯೊಂದು ಹೊರ ಡ್ರೈವಿಗೆ ಪ್ರತಿ ಮಾಡಬೇಕು. ಮಾಡಿದ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಬಿಟ್‌ಲಾಕರ್ ಎಂಬ ಬೀಗದ ವಿಚಾರ. ಕೆಲವು ಯಂತ್ರಗಳಲ್ಲಿ ಇದು ಮನೆಯವರಿಗೆ ತಿಳಿಯದಂತೆಯೇ ಡ್ರೈವಿಗೆ ಬಿದ್ದಿರುತ್ತದೆ. ಯಂತ್ರವು ಹೊರಡುವ ಕ್ರಮದಲ್ಲಿ ವ್ಯತ್ಯಾಸ ಕಂಡೊಡನೆ ಅದು ಅನುಮಾನಗೊಂಡು 48 ಅಂಕಿಗಳ ಕೀಲಿಯನ್ನು ಕೇಳುವುದು. ಕೀಲಿಯಿಲ್ಲದಿದ್ದರೆ ಡ್ರೈವು ಇದ್ದೂ ಇಲ್ಲದಂತೆ. ಸೆಟ್ಟಿಂಗ್ಸಿನಲ್ಲಿ ನೋಡಿ, ಬೀಗವಿದ್ದರೆ ಆ ಕೀಲಿಯನ್ನು ಕಾಗದದ ಮೇಲೆ ಬರೆದು ತೂಗುಹಾಕಿದ ಪಂಚಾಂಗದ ಹಿಂದಲ್ಲ, ಬೀರುವಿನಲ್ಲಿ ಇಡಿರಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು. ಇದು ಇರುವಾಗ ವಿಂಡೋಸನ್ನು ಮುಚ್ಚಿದರೂ ಅದು ಪೂರ್ಣವಾಗಿ ಮಲಗುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡ್ರೈವಿನಲ್ಲಿ ಬರೆದಿಟ್ಟು, ಕದವನ್ನು ಅರೆತೆರೆದು ಹೋಗುವುದು. ಆಗ ಲಿನಕ್ಸಿನಿಂದ ಆ ಡ್ರೈವನ್ನು ತೆರೆದು ಬರೆಯಹೋದರೆ ಕಡತಗಳು ಕೆಡುವ ಭಯವಿದೆ. ಆದಕಾರಣ ಲಿನಕ್ಸು ಬರೆಯಲು ಒಪ್ಪದೆ ಓದಲು ಮಾತ್ರ ಬಿಡುತ್ತದೆ, ಇಲ್ಲವೆ ತೆರೆಯುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್ ಎಂಬಲ್ಲಿ, ಪವರ್ ಗುಂಡಿಗಳು ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಇದನ್ನು ನಿಲ್ಲಿಸಬಹುದು.

ಬಳಿಕ ಮಿಂಟಿನ ತಾಣದಿಂದ ಅದರ ಕಡತವನ್ನು ಇಳಿಸಿಕೊಳ್ಳಬೇಕು. ಅದು ಸುಮಾರು ಮೂರು ಜಿ.ಬಿ. ಗಾತ್ರದ್ದು. ಇಳಿಸಿಕೊಂಡದ್ದು ಸರಿಯಾಗಿದೆಯೇ ಎಂದು ತಿಳಿಯಲು ತಾಣದಲ್ಲಿಯೇ 64 ಅಂಕಿ ಅಕ್ಷರಗಳ ಒಂದು ಗುರುತನ್ನು ಕೊಟ್ಟಿರುತ್ತಾರೆ. ನಮ್ಮ ಕಡತದ ಗುರುತನ್ನು ತೆಗೆಸಿ ಹೋಲಿಸಬೇಕು. ಹಳ್ಳಿಯ ಕಡೆ ನಡುವೆ ನಡುವೆ ಕಡಿಯುವ ಸಂಪರ್ಕದಲ್ಲಿ ಇಳಿಸಿದವರು ಈ ಹೋಲಿಕೆಯನ್ನು ಬಿಡಲೇಕೂಡದು. ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಅದನ್ನು 8 ಜಿ.ಬಿ.ಯ ಪೆನ್ ಡ್ರೈವಿಗೆ ಬರೆಯುವುದು. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲವೂ ಅಳಿಯುತ್ತದೆ. ಮದುವೆಯ ಫೋಟೋ ತುಂಬಿದ್ದನ್ನು ತರಬೇಡಿರಿ.

ಈಗ ಮುಖ್ಯವಾದ ಮಾತಿಗೆ ಬರುವೆವು. ಹೊಸ ಡ್ರೈವನ್ನು ಕೂರಿಸಿಯಾಯಿತು, ಲಿನಕ್ಸನ್ನು ಅದರಲ್ಲಿಯೇ ಹಾಕೆಂದು ಹೇಳಿದರೆ ಸಾಲದೆ, ಹಳೆಯದನ್ನು ಏತಕ್ಕೆ ಬಿಚ್ಚಬೇಕು ಎಂದು ಹಲವರು ಕೇಳುವರು. ಅದಕ್ಕೆ ಉತ್ತರವು ಯಂತ್ರವು ಎಚ್ಚರಗೊಳ್ಳುವ ಬಗೆಯಲ್ಲಿದೆ. ಯು.ಇ.ಎಫ್.ಐ. ಎಂಬ ಹೊಸ ಪದ್ಧತಿಯ ಯಂತ್ರಗಳಲ್ಲಿ ವಿಂಡೋಸ್ ಡ್ರೈವಿನ ಒಂದು ಮೂಲೆಯಲ್ಲಿ ಕೆಲವು ನೂರು ಎಂ.ಬಿ.ಯೊಳಗಿನ ಒಂದು ಸಣ್ಣ ಪಾಲಿರುತ್ತದೆ. ಇದಕ್ಕೆ ಇ.ಎಫ್.ಐ. ಪಾಲು ಎನ್ನುತ್ತಾರೆ. ಯಂತ್ರಕ್ಕೆ ವಿದ್ಯುತ್ತು ಬಂದೊಡನೆ ಅದು ಮೊದಲು ಹುಡುಕುವುದು ಈ ಕೋಣೆಯನ್ನು. ಇದರೊಳಗೆ ವ್ಯವಸ್ಥೆಯನ್ನು ಎಬ್ಬಿಸುವ ಚಿಕ್ಕ ಕಡತಗಳಿರುತ್ತವೆ. ಲಿನಕ್ಸಿಗೂ ಗ್ರಬ್ ಎಂಬ ಅಂಥದೇ ಎಬ್ಬಿಸುವವನಿದ್ದಾನೆ. ಎರಡು ಡ್ರೈವುಗಳೂ ತಗುಲಿಕೊಂಡಿರುವಾಗ ಸ್ಥಾಪನೆಗೆ ತೊಡಗಿದರೆ, ಕೆಲವು ಲಿನಕ್ಸುಗಳ ಸ್ಥಾಪಕವು ನಾವು ತೋರಿಸಿದ ಹೊಸ ಡ್ರೈವಿನಲ್ಲಿ ಲಿನಕ್ಸನ್ನೇನೋ ಇಡುತ್ತದೆ. ಆದರೆ ಗ್ರಬ್ಬನ್ನು ಮಾತ್ರ ಮೊದಲೇ ಇರುವ ವಿಂಡೋಸಿನ ಇ.ಎಫ್.ಐ. ಕೋಣೆಯಲ್ಲಿ ತಂದು ಕೂರಿಸುತ್ತದೆ. ಉಬುಂಟುವಿನ ಹಳೆಯ ಸ್ಥಾಪಕಕ್ಕೆ ಈ ಚಾಳಿಯಿದ್ದುದು ಪ್ರಸಿದ್ಧವಾದ ವಿಷಯ. ಮಿಂಟು ಆ ಮನೆತನದ್ದೇ.

ಇದರ ಫಲವೇನು? ಅಡಿಗೆಮನೆ ಬೇರೆಯಾಯಿತು, ಬೆಂಕಿಪೊಟ್ಟಣ ಮಾತ್ರ ಅಣ್ಣನ ಮನೆಯಲ್ಲಿ ಉಳಿಯಿತು. ನಾಳೆ ವಿಂಡೋಸಿನ ಡ್ರೈವು ಮುಪ್ಪಿನಿಂದ ಸತ್ತರೆ, ಹೊಸ ಡ್ರೈವಿನಲ್ಲಿ ಲಿನಕ್ಸು ಕ್ಷೇಮವಾಗಿದ್ದೂ ಏಳಲಾರದು. ವಿಂಡೋಸನ್ನು ಮತ್ತೆ ಹಾಕಿಸಿದರೆ ಆ ಕೋಣೆಯನ್ನೇ ಗುಡಿಸಿ ಹಾಕಬಹುದು. ಹೊಸ ಡ್ರೈವನ್ನು ಬಿಚ್ಚಿದರೆ, ಗ್ರಬ್ಬು ತನ್ನ ಮನೆಯನ್ನು ಕಾಣದೆ ಕಪ್ಪು ಪರದೆಯ ಮೇಲೆ ಒಂದು ಗೆರೆಯನ್ನು ತೋರಿಸಿಕೊಂಡು ನಿಲ್ಲುವುದು. ಯಜಮಾನರು ಅದನ್ನು ಕಂಡು ಮಗನನ್ನು ಕರೆಯುವರು, ಮಾತು ಮತ್ತೆ ನಾಲ್ಕು ದಿನ ನಿಲ್ಲುವುದು. ಆದುದರಿಂದ ಸ್ಥಾಪನೆಯ ವೇಳೆಯಲ್ಲಿ ಹಳೆಯ ಡ್ರೈವು ಯಂತ್ರದ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಆಗ ಸ್ಥಾಪಕವು ಬೇರೆ ಗತಿಯಿಲ್ಲದೆ ಹೊಸ ಡ್ರೈವಿನಲ್ಲಿಯೇ ಒಂದು ಇ.ಎಫ್.ಐ. ಕೋಣೆಯನ್ನು ಕಟ್ಟಿಕೊಂಡು ಗ್ರಬ್ಬನ್ನು ಅಲ್ಲಿಯೇ ಇಡುತ್ತದೆ. ಇನ್ನೂ ಹಳೆಯದಾದ ಬಯಾಸ್ ಪದ್ಧತಿಯ ಯಂತ್ರಗಳಲ್ಲಿ ಗ್ರಬ್ಬು ಡ್ರೈವಿನ ಮೊದಲನೆಯ ತುಣುಕಿಗೆ ಹೋಗುತ್ತದೆಂಬುದಷ್ಟೇ ಭೇದ. ಬಿಚ್ಚಿಡುವ ನೀತಿಯು ಅಲ್ಲಿಯೂ ಅದೇ.

ನಾವು ಒಂದು ಭಾನುವಾರ ಬೆಳಗ್ಗೆ ಕಂಪ್ಯೂಟರನ್ನು ಮುಚ್ಚಿ, ಗೋಡೆಯ ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಕಳೆದು, ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆದೆವು. ಲೋಹದ ಚೌಕಟ್ಟನ್ನು ಮುಟ್ಟಿ, ಆಮೇಲೆ ವಿಂಡೋಸ್ ಡ್ರೈವಿನ ಎರಡೂ ತಂತಿಗಳನ್ನು ಎಳೆದೆವು. ತಂತಿ ತೆಗೆದ ಮೇಲೆ ಡ್ರೈವು ಪೆಟ್ಟಿಗೆಯೊಳಗೇ ಇದ್ದರೂ ಬಾಧಕವಿಲ್ಲ. ಆದರೆ ನಮ್ಮ ತಾಯಿಯವರು ಬಾಗಿಲ ಬಳಿ ನಿಂತು ನೋಡುತ್ತಿದ್ದವರು, ‘ಅವರು ಬರೆದದ್ದು ಇದರಲ್ಲಿಯೇ ಅಲ್ಲವೆ ಇರುವುದು?’ ಎಂದು ಕೇಳಿದರು. ಹೌದೆಂದೆವು. ಪ್ರತಿಯನ್ನು ಬೇರೆ ತೆಗೆದಿಟ್ಟಿದ್ದೇವೆಂದೂ, ತಂತಿಯಿಲ್ಲದ ಡ್ರೈವನ್ನು ಯಾವ ಲಿನಕ್ಸೂ ಮುಟ್ಟಲಾರದೆಂದೂ ವಿವರಿಸಿದೆವು. ‘ಪೂರ್ತಿ ಬಿಚ್ಚಿ ನನ್ನ ಕೈಗೆ ಕೊಡು’ ಎಂದರು. ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಕೊಟ್ಟೆವು. ಅವರು ಅದನ್ನು ಒಂದು ಹತ್ತಿಯ ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಉಳಿದ ಕೆಲಸವು ಸಣ್ಣದು. ಪೆನ್ ಡ್ರೈವನ್ನು ಚುಚ್ಚಿ, ಯಂತ್ರವನ್ನು ಹೊರಡಿಸುವಾಗ ಎಫ್12ನ್ನು ಒತ್ತಿದೆವು. ಯಂತ್ರದ ತಯಾರಕರಿಗೆ ತಕ್ಕಂತೆ ಇದು ಎಫ್9, ಎಫ್2 ಅಥವಾ ಎಸ್ಕೇಪ್ ಆಗಿರಬಹುದು. ಪೆನ್ ಡ್ರೈವಿನಿಂದಲೇ ಲಿನಕ್ಸು ಎದ್ದು ನಿಂತಿತು. ಇದು ಇನ್ನೂ ಪರೀಕ್ಷೆಯ ಸ್ಥಿತಿ, ಏನನ್ನೂ ಸ್ಥಾಪಿಸಿರುವುದಿಲ್ಲ. ಇಲ್ಲಿ ಅರ್ಧ ಗಂಟೆ ಕುಳಿತು ವೈಫೈ ಸಿಗುವುದೇ, ಸದ್ದು ಬರುವುದೇ, ಪ್ರಿಂಟರು ಮಾತು ಕೇಳುವುದೇ ಎಂದು ನೋಡಬೇಕು. ಹೆಣ್ಣು ನೋಡುವ ಶಾಸ್ತ್ರವನ್ನು ಬಿಟ್ಟು ಧಾರೆಗೆ ಕೂತವರ ಅವಸ್ಥೆಯನ್ನು ನಾವು ಕೆಲವು ಮನೆಗಳಲ್ಲಿ ಕಂಡಿದ್ದೇವೆ. ಎಲ್ಲವೂ ಸರಿಯಿದ್ದರೆ ಪರದೆಯ ಮೇಲಿರುವ ಸ್ಥಾಪನೆಯ ಚಿತ್ರವನ್ನು ಒತ್ತುವುದು. ಭಾಷೆ, ಕೀಲಿಮಣೆಗಳ ಪ್ರಶ್ನೆಗಳಾದ ಮೇಲೆ ಹನ್ನೆರಡು ವರ್ಷದ ಹಿಂದಿನ ಆ ಸಾಲು, ‘ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬುದು, ಮತ್ತೆ ಬಂದಿತು. ಈ ಸಲ ಯಂತ್ರದೊಳಗೆ 240 ಜಿ.ಬಿ.ಯ ಬರಿಯ ಡ್ರೈವೊಂದಲ್ಲದೆ ಬೇರೇನೂ ಇರಲಿಲ್ಲ. ಆದರೂ ನಮ್ಮ ಬೆರಳು ಕೆಲವು ಕ್ಷಣ ನಿಂತಿತು.

ಡ್ರೈವನ್ನು ಬಿಚ್ಚಲಾಗದ ಲ್ಯಾಪ್‌ಟಾಪುಗಳಲ್ಲಿ ಏನು ಮಾಡುವುದು? ಕೆಲವು ಯಂತ್ರಗಳ ಬಯಾಸ್ ಪುಟದಲ್ಲಿ ಒಂದು ಡ್ರೈವನ್ನು ತಾತ್ಕಾಲಿಕವಾಗಿ ಕಾಣದಂತೆ ಮಾಡುವ ಅವಕಾಶವಿರುತ್ತದೆ. ಅದೂ ಇಲ್ಲವಾದರೆ, ಅಳಿಸುವ ಪುಟದಲ್ಲಿ ಗಾತ್ರವನ್ನೂ ತಯಾರಕರ ಹೆಸರನ್ನೂ ಗಟ್ಟಿಯಾಗಿ ಓದಿ, ಮನೆಯ ಇನ್ನೊಬ್ಬರಿಂದ ಹೌದೆನ್ನಿಸಿಕೊಂಡು ಮುಂದುವರಿಯಬೇಕು. ಬೇಸರ ಬಂದವರು, ನಿದ್ದೆಗೆಟ್ಟವರು ಆ ಪುಟದಲ್ಲಿ ಕೈಯಾಡಿಸಕೂಡದು.

ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಸ್ಥಾಪನೆ ಮುಗಿಯಿತು. ಯಂತ್ರವನ್ನು ಮುಚ್ಚಿ ಹಳೆಯ ಡ್ರೈವನ್ನು ಮತ್ತೆ ತಗುಲಿಸಿದರೆ ಎರಡೊಲೆಯ ಸಂಸಾರ ಸಿದ್ಧವಾದಂತೆ. ಹೊರಡುವಾಗ ಎಫ್12 ಒತ್ತಿ ಬೇಕಾದ ಡ್ರೈವನ್ನು ಆರಿಸಬಹುದು. ಒತ್ತದಿದ್ದರೆ ಬಯಾಸಿನಲ್ಲಿ ಮೊದಲನೆಯದಾಗಿ ಇಟ್ಟದ್ದು ಏಳುವುದು. ಗ್ರಬ್ಬಿನ ಪಟ್ಟಿಯಲ್ಲಿಯೇ ವಿಂಡೋಸಿನ ಹೆಸರನ್ನೂ ಸೇರಿಸಿಕೊಳ್ಳಲು ಬರುತ್ತದೆ. ನಾವು ಸೇರಿಸಲಿಲ್ಲ. ವಯಸ್ಸಾದವರು ಗುಂಡಿ ಒತ್ತಿದರೆ ಅವರಿಗೆ ಪರಿಚಿತವಾದದ್ದೇ ಏಳಲಿ, ಲಿನಕ್ಸು ಬೇಕಾದ ಮಗನು ಎಫ್12ನ್ನು ಒತ್ತಿಕೊಳ್ಳಲಿ ಎಂಬುದು ಸಿರ್ಸಿಯ ಮನೆಗೆ ನಮ್ಮ ಸಲಹೆ. ಆದರೆ ಆಸರೆ ತಪ್ಪಿದ ವಿಂಡೋಸಿನಿಂದ ಬ್ಯಾಂಕಿನ ವ್ಯವಹಾರ, ಅಂತರಜಾಲದ ಓಡಾಟಗಳನ್ನು ಮಾಡದೆ, ಅವನ್ನು ಲಿನಕ್ಸಿನಲ್ಲಿಯೇ ಮಾಡಬೇಕೆಂಬ ಕರಾರು ಅದರೊಡನೆ ಇರಲಿ. ಹಳೆಯ ಒಲೆಯಲ್ಲಿ ಅಡಿಕೆಯ ಲೆಕ್ಕ ಮತ್ತು ಹಳೆಯ ಬರವಣಿಗೆ ಮಾತ್ರ.

ಎರಡು ಸಣ್ಣ ಕೀಟಲೆಗಳನ್ನು ಹೇಳಿಡಬೇಕು. ಲಿನಕ್ಸನ್ನು ಬಳಸಿ, ಬಳಿಕ ವಿಂಡೋಸಿಗೆ ಬಂದರೆ ಗಡಿಯಾರವು ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದಿರುವುದು. ಹೆದರಬೇಕಾದದ್ದಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸು ಗ್ರೀನಿಚ್ಚಿನ ಕಾಲವನ್ನು ಇಡುತ್ತದೆ, ವಿಂಡೋಸು ಅದನ್ನು ಭಾರತದ ಕಾಲವೆಂದೇ ಓದುತ್ತದೆ. ನಮಗೂ ಅದಕ್ಕೂ ಇರುವ ಅಂತರವೇ ಐದೂವರೆ ಗಂಟೆ. ಸ್ಥಳೀಯ ಕಾಲವನ್ನೇ ಇಡುವಂತೆ ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟರೆ ತೀರಿತು. ಎರಡನೆಯದು ಸ್ವಲ್ಪ ದೊಡ್ಡದು. 2024ನೆಯ ಆಗಸ್ಟ್ 13ರಂದು ಮೈಕ್ರೋಸಾಫ್ಟಿನವರು ಕಳಿಸಿದ ಒಂದು ತಿದ್ದುಪಡಿಯಿಂದ, ಎರಡೂ ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸು ಏಳದೆ ಹೋಯಿತು. ಬೇರೆ ಡ್ರೈವಿನಲ್ಲಿದ್ದರೂ ಈ ಬಾಧೆ ತಪ್ಪಲಿಲ್ಲ. ಏಕೆಂದರೆ ಹಳೆಯ ಎಬ್ಬಿಸುವವರನ್ನು ನಂಬಬೇಡವೆಂಬ ಆ ಆಜ್ಞೆಯು ಡ್ರೈವಿನಲ್ಲಿ ಅಲ್ಲದೆ, ಯಂತ್ರದ ಸ್ವಂತ ಸ್ಮರಣೆಯಲ್ಲಿ ಬರೆಯಲ್ಪಟ್ಟಿತ್ತು. ಒಲೆ ಎರಡಾದರೂ ತಲೆಬಾಗಿಲು ಒಂದೇ ತಾನೆ? ಸೆಕ್ಯೂರ್ ಬೂಟ್ ಎಂಬುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದವರಿಗೆ ಆಗ ದಾರಿ ಸಿಕ್ಕಿತು. ಅಂದು ಯಾರ ಕಡತವೂ ಇದರಿಂದ ಅಳಿಯಲಿಲ್ಲವೆಂಬುದನ್ನು ನೆನೆಯಬೇಕು. ಬಾಗಿಲು ತೆರೆಯಲಿಲ್ಲ, ಅಷ್ಟೆ.

ಲಿನಕ್ಸಿನಲ್ಲಿ ಕನ್ನಡ ಬರೆಯಲಾಗುವುದೇ ಎಂಬ ಪ್ರಶ್ನೆಯೂ ಆ ಪತ್ರದಲ್ಲಿದೆ. ಧಾರಾಳವಾಗಿ ಆಗುವುದು. ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬುದನ್ನು ಆರಿಸಿದರೆ, ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ ವಿನ್ಯಾಸವು ಬರುವುದು. ನುಡಿಗೆ ಪಳಗಿದ ಬೆರಳುಗಳಿಗೆ ಅದು ಹೊಸದೆನ್ನಿಸದು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳೂ ಬೆಲೆಯಿಲ್ಲದೆ ಅಲ್ಲಿ ದೊರೆಯುತ್ತವೆ. ವಿಂಡೋಸ್ ಡ್ರೈವಿನ ಕಡತಗಳನ್ನು ಲಿನಕ್ಸಿನಿಂದ ಓದಬಹುದಾದುದರಿಂದ, ಮಗನು ತಂದೆಯ ಹಳೆಯ ಬರವಣಿಗೆಯ ಪ್ರತಿಗಳನ್ನು ಒಂದೊಂದಾಗಿ ತಂದು ಯೂನಿಕೋಡಿಗೆ ತಿರುಗಿಸುವುದೂ, ತಂದೆಯು ಪಕ್ಕದಲ್ಲಿ ಕುಳಿತು ಒತ್ತಕ್ಷರಗಳನ್ನು ತಿದ್ದುವುದೂ ಆಗಬಹುದು. ಮಾತು ಬಿಟ್ಟ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಕೆಲಸವು ನಮಗೆ ತೋಚದು. ಮೂಲವನ್ನು ಮಾತ್ರ ಇದ್ದಲ್ಲಿಯೇ ಇದ್ದಂತೆ ಬಿಡಬೇಕು.

ನಮ್ಮ ಮನೆಯಲ್ಲಿ ಆ ಭಾನುವಾರ ಸಂಜೆ, ತಾಯಿಯವರಿಂದ ಡ್ರೈವನ್ನು ಕೇಳಿ ತೆಗೆದುಕೊಂಡು ಬಂದು ಮತ್ತೆ ಕೂರಿಸಿದೆವು. ವಿಂಡೋಸು ಏನೂ ಆಗಿಲ್ಲವೆಂಬಂತೆ ಎದ್ದಿತು. ತಾಯಿಯವರು ಕನ್ನಡಕವನ್ನು ಹಾಕಿಕೊಂಡು ಬಂದು, ವಂಶಾವಳಿಯ ಕಡತವನ್ನು ತೆರೆಯಿಸಿ, ಕೊನೆಯ ಪುಟದ ಕೊನೆಯ ಹೆಸರಿನವರೆಗೂ ಸರಿಸಿ ತೋರಿಸೆಂದರು. ಅಲ್ಲಿ ಅವರ ಅತ್ತೆಯವರ ತಂಗಿಯ ಹೆಸರಿತ್ತು. ‘ಇವರನ್ನು ಕೊಟ್ಟದ್ದು ಸೊರಬಕ್ಕಲ್ಲ, ಬನವಾಸಿಗೆ. ಅವರಿಗೆ ಆಗಲೇ ಹೇಳಿದ್ದೆ’ ಎಂದು ಹೇಳಿ ದೀಪ ಹಚ್ಚಲು ಎದ್ದರು. ನಾವು ಆ ಊರಿನ ಹೆಸರನ್ನು ತಿದ್ದದೆ, ಪಕ್ಕದಲ್ಲಿ ತಾಯಿಯವರ ಮಾತನ್ನು ಆವರಣದೊಳಗೆ ಬರೆದಿಟ್ಟೆವು. ಉಳಿದ ಎರಡು ತಲೆಮಾರುಗಳನ್ನು ಈಗ ಅವರ ಬಾಯಿಂದ ಕೇಳಿ ಬರೆಯುತ್ತಿದ್ದೇವೆ, ಲಿನಕ್ಸಿನಲ್ಲಿ.

ಸಿರ್ಸಿಯ ಸೋದರಿಯವರು ತಮ್ಮ ಯಂತ್ರದ ಮಾದರಿಯ ಹೆಸರನ್ನು ಪತ್ರದಲ್ಲಿ ಕಾಣಿಸಿಲ್ಲ. ಅದನ್ನೂ, ಪೆಟ್ಟಿಗೆಯೊಳಗೆ ಬಿಡುವಾದ ಸಾಟಾ ತಂತಿ ಇದೆಯೋ ಇಲ್ಲವೋ ಎಂಬುದನ್ನೂ ಬರೆದು ತಿಳಿಸಿದರೆ, ಯಾವ ಡ್ರೈವು ಹೊಂದುವುದೆಂದು ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆವು.